ಮಗಳಿಗೊಂದು ಪತ್ರ: ಅಜ್ಜಿಯೊಡನೆ ಮುಂಬಯಿಗೆ

ಬದಿಯಡ್ಕ,
ಅಕ್ಟೋಬರ್ 5

ಪ್ರೀತಿಯ ಮಗಳೇ,

ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿಯೆಲ್ಲ ಮುಂಬಯಿಗೆ ಹೋಗಬೇಕೆಂದು ನೀನು ಬರೆದು ಕಳುಹಿಸಿದ ಯೋಜನೆಯನ್ನು ಅಮ್ಮನೂ ನಾನೂ ಓದಿದೆವು, ಅಜ್ಜಿಗೂ ಓದಿ ಹೇಳಿದೆವು. ಹೋಗುವುದು ನಿಶ್ಚಯ, ಅಜ್ಜಿಯೂ ಬರುತ್ತಾರೆ. ಡಿಸೆಂಬರ್ ಅಡಿಕೆ ಕೊಯ್ಲಿನ ಕಾಲವಾದುದರಿಂದ ಅಂಗಳವನ್ನು ಬಿಟ್ಟು ಹೊರಡುವುದು ಹೇಗೆಂಬ ಚಿಂತೆ ನನಗಿತ್ತು. ಆ ಒಂದು ವಾರ ಇಲ್ಲಿಯೇ ಬಂದು ಉಳಿದು ಅಡಿಕೆಯನ್ನೂ ಹಟ್ಟಿಯನ್ನೂ ನೋಡಿಕೊಳ್ಳುವುದಾಗಿ ನಿನ್ನ ಚಿಕ್ಕಪ್ಪ ಒಪ್ಪಿದ್ದಾನೆ. ಇನ್ನು ಯೋಜನೆಯನ್ನು ತಿದ್ದುವ ಕೆಲಸವೊಂದೇ ಉಳಿದಿದೆ. ನೀನು ಉತ್ಸಾಹದಿಂದ ಸೇರಿಸಿದ ಸ್ಥಳಗಳೆಲ್ಲ ನೋಡತಕ್ಕವೇ ಹೌದು, ಆದರೆ ಬಾಂದ್ರಾದಿಂದ ಕೊಲಾಬಾಕ್ಕೆ, ಅಲ್ಲಿಂದ ಬೊರಿವಿಲಿಗೆ, ನಡುವೆ ಲೋಣಾವಳಕ್ಕೂ ಓಡುವ ಆ ಪಟ್ಟಿಯಲ್ಲಿ ಮಂಡಿನೋವಿನ ಅಜ್ಜಿಗೆ ಕುಳಿತುಕೊಳ್ಳಲು ಎಡೆಯೇ ಇಲ್ಲ. ಈ ಪ್ರವಾಸದ ವೇಗವನ್ನು ಅವರ ನಡಿಗೆಯೇ ನಿರ್ಧರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ನಿನಗೆ ಅರ್ಧ ಗೊತ್ತಿದೆ. ಅಜ್ಜ ಪ್ರಾಯದಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಬೊಂಬಾಯಿಗೆ ಹೋಗಿ, ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ದುಡಿದು, ಸಂಜೆಯ ಮೇಲೆ ಅಲ್ಲಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ನಮ್ಮ ಕಡೆಯ ಎಷ್ಟೋ ಬಡ ಹುಡುಗರು ಮೆಟ್ರಿಕ್ ಪಾಸಾದದ್ದು ಅಂಥ ರಾತ್ರಿಶಾಲೆಗಳಿಂದಲೇ. ಮದುವೆಯ ಹೊತ್ತಿಗೆ ಅವರು ಊರಿಗೆ ಮರಳಿ ತೋಟ ಹಿಡಿದಿದ್ದರು. ಆದ್ದರಿಂದ ಆ ನಗರದ ಗಲ್ಲಿಗಳ ಹೆಸರುಗಳನ್ನೆಲ್ಲ ಕೇಳಿಯೇ ಬಲ್ಲ ಅಜ್ಜಿ ಅದನ್ನು ಒಮ್ಮೆಯೂ ಕಂಡವರಲ್ಲ. ನೀನು ಹೋಗೋಣವೆಂದಾಗ ಅವರು ಕೇಳಿದ್ದು ಒಂದೇ, ಬೋರಿಬಂದರ ರೈಲು ನಿಲ್ದಾಣ ತೋರಿಸುತ್ತೀರಾ ಎಂದು.

ಮೊದಲು ರೈಲಿನ ವಿಷಯ. ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರಿನಿಂದ 60 ದಿನಗಳಿಗೆ ಇಳಿದಿದೆ. ನಾವು ಡಿಸೆಂಬರ್ 23ರಂದು ಹೊರಡುವುದಾದರೆ ಟಿಕೆಟು ಅಕ್ಟೋಬರ್ 24ರ ಬೆಳಗ್ಗೆ 8 ಗಂಟೆಗೆ ತೆರೆಯುತ್ತದೆ. 29ಕ್ಕೆ ಮರಳುವ ಟಿಕೆಟು ಅಕ್ಟೋಬರ್ 30ಕ್ಕೆ. ಕೇರಳದ ಶಾಲೆಗಳೆಲ್ಲ ಒಟ್ಟಿಗೆ ಮುಚ್ಚುವ, ಮುಂಬಯಿಯಲ್ಲಿರುವ ನಮ್ಮವರೂ ಹಬ್ಬಕ್ಕೆ ಊರಿಗೆ ಬಂದುಹೋಗುವ ಕಾಲವಿದು. ಒಂದು ದಿನ ತಡವಾದರೂ ವೇಟಿಂಗ್ ಲಿಸ್ಟೇ ಗತಿ. ರೈಲು ಟಿಕೆಟು ಮಾಡಿಸುವ ನಿನ್ನ ಖಾತೆಗೆ ಆಧಾರ್ ದೃಢೀಕರಣವನ್ನು ಈಗಲೇ ಮಾಡಿಸಿಕೋ, ಏಕೆಂದರೆ ಕಾಯ್ದಿರಿಸುವಿಕೆ ತೆರೆದ ಆರಂಭದ ಹೊತ್ತಿನಲ್ಲಿ ಹಾಗೆ ದೃಢೀಕರಿಸಿದವರಿಗೆ ಮಾತ್ರ ಅವಕಾಶ. ಹಿರಿಯರಿಗಿದ್ದ ರಿಯಾಯಿತಿ 2020ರಲ್ಲಿ ನಿಂತುಹೋದರೂ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ: 45 ದಾಟಿದ ಹೆಂಗಸರು ಒಂದು ಟಿಕೆಟಿನಲ್ಲಿ ಇಬ್ಬರನ್ನು ಮೀರದೆ ಇದ್ದರೆ ಅದು ಸಿಗುತ್ತದೆ. ಆದುದರಿಂದ ಅಜ್ಜಿಯನ್ನೂ ಅಮ್ಮನನ್ನೂ ಒಂದು ಟಿಕೆಟಿನಲ್ಲಿ, ನಮ್ಮ ಮೂವರನ್ನು ಬೇರೊಂದರಲ್ಲಿ ಹಾಕು. ಐವರನ್ನೂ ಒಂದರಲ್ಲೇ ಸೇರಿಸಿದರೆ ಆ ಕೋಟಾದ ಪ್ರಯೋಜನ ತಪ್ಪಿಹೋಗುತ್ತದೆ.

ಎರ್ನಾಕುಳದಲ್ಲೇ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತುತ್ತೇನೆ, ನೀವು ಕಾಸರಗೋಡಿನಲ್ಲಿ ಹತ್ತಿ ಎಂದು ನೀನು ಬರೆದಿದ್ದೀ. ಅದು ಬೇಡ. ಪರೀಕ್ಷೆ ಮುಗಿಸಿ ಮನೆಗೆ ಬಂದು, ಒಂದೆರಡು ರಾತ್ರಿ ನಿದ್ರೆ ಮಾಡಿ, ಎಲ್ಲರೂ ಒಟ್ಟಿಗೆ ಹೊರಡುವುದೇ ಚಂದ. ಕಾಸರಗೋಡಿನಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷಗಳಲ್ಲಿ ಪೆಟ್ಟಿಗೆಗಳೊಂದಿಗೆ ಅಜ್ಜಿಯನ್ನು ಹತ್ತಿಸುವುದು ಕಷ್ಟ. ಮತ್ಸ್ಯಗಂಧ ಮಂಗಳೂರು ಸೆಂಟ್ರಲ್‌ನಿಂದಲೇ ಹೊರಡುವ ಗಾಡಿಯಾದ್ದರಿಂದ ಸಾವಕಾಶವಾಗಿ ಹತ್ತಿ ಕುಳಿತುಕೊಳ್ಳಬಹುದು. ಅದು ಮಧ್ಯಾಹ್ನ ಹೊರಟು ಮರುದಿನ ಮುಂಜಾನೆ ಲೋಕಮಾನ್ಯ ತಿಲಕ ಟರ್ಮಿನಸ್ಸಿಗೆ ತಲುಪುತ್ತದೆ. ಹೊನ್ನಾವರದಲ್ಲಿ ಎರಡು ಕಿಲೋಮೀಟರಿನಷ್ಟು ಉದ್ದದ ಶರಾವತಿ ಸೇತುವೆಯನ್ನು ದಾಟುವಾಗ ಬೆಳಕು ಉಳಿದಿದ್ದರೆ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸು. ಮರಳುವಾಗ ಮಾತ್ರ ನೇತ್ರಾವತಿಯೇ ಒಳ್ಳೆಯದು. ಹಗಲಿನಲ್ಲಿ ಹೊರಟು ಸಹ್ಯಾದ್ರಿಯ ಬೆಟ್ಟಗಳನ್ನು ತೋರಿಸಿ, ರಾತ್ರಿ ಕಳೆಯುವಷ್ಟರಲ್ಲಿ ನೇರ ಕಾಸರಗೋಡಿಗೆ ತಂದುಬಿಡುತ್ತದೆ. 6.5 ಕಿಲೋಮೀಟರಿನ ಕರಬುಡೆ ಸುರಂಗ ರತ್ನಾಗಿರಿಗಿಂತ ಮೊದಲೇ ಬರುತ್ತದೆಂದು ತಮ್ಮ ಈಗಾಗಲೇ ಅಟ್ಲಾಸಿನಲ್ಲಿ ಗುರುತು ಹಾಕಿಟ್ಟಿದ್ದಾನೆ.

ವಸತಿಯನ್ನು ಕೊಲಾಬಾದಲ್ಲಿ ನೋಡಿದ್ದೀ. ಹಬ್ಬದ ವಾರ ಅಲ್ಲಿ ಬಾಡಿಗೆ ಏರಿರುತ್ತದೆ, ಊಟಕ್ಕೂ ಅಲೆಯಬೇಕಾಗುತ್ತದೆ. ಮಾಟುಂಗಾದಲ್ಲಿ ಹುಡುಕು. ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣ, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್, ಪಶ್ಚಿಮ ಮಾರ್ಗದ ಮಾಟುಂಗಾ ರೋಡ್ ಎಲ್ಲವೂ ಹತ್ತಿರ. ಮಾರ್ಗ ಬದಲಿಸುವ ದಾದರ್ ಪಕ್ಕದ ನಿಲ್ದಾಣ. ಮಧ್ಯಾಹ್ನ ಬಾಳೆಲೆಯ ಊಟ ಸಿಗುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನಿಲ್ದಾಣದ ಬಳಿಯೇ ಇದೆ. ಮೈಸೂರು ಅಸೋಸಿಯೇಷನ್ನಿನ ಸಭಾಂಗಣವೂ ಅದೇ ಪೇಟೆಯಲ್ಲಿರುವುದರಿಂದ ಆ ದಿನಗಳಲ್ಲಿ ಕನ್ನಡದ ಕಾರ್ಯಕ್ರಮವೇನಾದರೂ ಇದೆಯೇ ಎಂದು ವಿಚಾರಿಸು. ಪರವೂರಿನಲ್ಲಿ ಕನ್ನಡ ಕೇಳುವ ಸಂತೋಷವನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಲೋಕಲ್ ರೈಲಿನಲ್ಲಿ ಬೆಳಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಜನಸಾಗರವೇ ಹರಿಯುತ್ತದೆ. ನಾವು 11 ಗಂಟೆಯ ಮೇಲೆ ಹೊರಟು 5ರ ಮೊದಲು ಮರಳುವ ಹಾಗೆ ದಿನಗಳನ್ನು ಜೋಡಿಸು. ನೀವು ಮೂವರು ಮಹಿಳೆಯರ ಬೋಗಿಗೆ ಹತ್ತಿದರೆ ನಾನೂ ತಮ್ಮನೂ ಬೇರೆ ಬೋಗಿಯಲ್ಲಿರುತ್ತೇವೆ. ಇಳಿಯುವ ನಿಲ್ದಾಣ ಯಾವುದೆಂದು ಹತ್ತುವ ಮುನ್ನವೇ ಎಲ್ಲರಿಗೂ ತಿಳಿದಿರಬೇಕು. ಭಾನುವಾರ ದುರಸ್ತಿಗಾಗಿ ಕೆಲವು ಹೊತ್ತು ರೈಲುಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್ ಇರುವುದುಂಟು, ಅಂದು ದೂರದ ಜಾಗ ಇಟ್ಟುಕೊಳ್ಳಬೇಡ.

24ರಂದು ಮಧ್ಯಾಹ್ನದವರೆಗೆ ವಿಶ್ರಾಂತಿ. ಸಂಜೆ ಟ್ಯಾಕ್ಸಿ ಮಾಡಿಕೊಂಡು ಬಾಂದ್ರಾಕ್ಕೆ ಹೋಗಿ, ಮೌಂಟ್ ಮೇರಿ ಇಗರ್ಜಿಯನ್ನೂ ಹಿಲ್ ರೋಡಿನ ನಕ್ಷತ್ರದೀಪಗಳನ್ನೂ ನೋಡಿ, ನಡುರಾತ್ರಿಯ ಪೂಜೆಗೆ ಜನ ಸೇರುವ ಮೊದಲೇ ಹಿಂತಿರುಗೋಣ. ಬೇಳದ ಇಗರ್ಜಿಯ ಹಬ್ಬವನ್ನು ಕಂಡು ಬೆಳೆದ, ಪ್ರತಿವರ್ಷ ನೆರೆಮನೆಯ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಿಂದ ನಿಮಗೆ ಅಲ್ಲಿನ ಸಡಗರ ಹೊಸದೆನಿಸಲಾರದು. ಈ ಬಾರಿ ನೆರೆಮನೆಯವರ ನೆವ್ರಿ, ಕಿಡಿಯೊ ನಮಗೆ ತಪ್ಪುತ್ತದೆಯಲ್ಲಾ ಎಂದು ಅಮ್ಮನಿಗೆ ಬೇಸರವಿದೆ. ಬಾಂದ್ರಾದಿಂದ ಅವರಿಗೊಂದು ಕೇಕ್ ತರೋಣ.

25ನೆಯ ತಾರೀಕನ್ನು ಫೋರ್ಟಿಗೆ ಮೀಸಲಿಡು. ಕಚೇರಿಗಳಿಗೆ ರಜೆಯಾದ್ದರಿಂದ ಆ ಗಲ್ಲಿಗಳಲ್ಲಿ ಅಜ್ಜಿ ನಿಧಾನವಾಗಿ ನಡೆಯಲು ಅಂಥ ದಿನ ಬೇರೆ ಸಿಗದು. ಬೋರಿಬಂದರದಿಂದಲೇ ಆರಂಭಿಸೋಣ: 1853ರ ಏಪ್ರಿಲ್ 16ರಂದು ಠಾಣೆಗೆ 34 ಕಿಲೋಮೀಟರು ದೂರ ದೇಶದ ಮೊದಲ ಪ್ರಯಾಣಿಕ ರೈಲು ಹೊರಟದ್ದು ಅಲ್ಲಿಂದ. ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಟ್ಟಡವನ್ನು 1878ರಲ್ಲಿ ಆರಂಭಿಸಿ ಹತ್ತು ವರ್ಷ ಕಟ್ಟಿದರು; 2004ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಂದ ಫ್ಲೋರಾ ಫೌಂಟನ್, ರಾಜಾಬಾಯಿ ಗೋಪುರದವರೆಗೆ ಮೆಲ್ಲನೆ ಹೋಗೋಣ. ಅಜ್ಜ ದುಡಿದ ಹೋಟೆಲು ಈಗ ಇರಲಿ, ಇಲ್ಲದಿರಲಿ, ಅವರ ಹಳೆಯ ಕಾಗದಗಳಲ್ಲಿರುವ ಬೀದಿಯ ಹೆಸರನ್ನು ನಾನು ಹುಡುಕಿ ಬರೆದಿಟ್ಟುಕೊಂಡಿದ್ದೇನೆ. ಆ ಬೀದಿಯಲ್ಲಿ ಅಜ್ಜಿ ಎಷ್ಟು ಹೊತ್ತು ನಿಲ್ಲಬೇಕೆನ್ನುತ್ತಾರೋ ಅಷ್ಟು ಹೊತ್ತು ನಿಲ್ಲೋಣ. ಅದರ ಮುಂದೆ ಬೇರೆ ಯಾವ ಸ್ಥಳಕ್ಕೂ ಹೊತ್ತು ನಿಗದಿ ಮಾಡಬೇಡ.

ಎಲಿಫೆಂಟಾ ನೀನೂ ತಮ್ಮನೂ ನೋಡಲೇಬೇಕಾದದ್ದು. ಆರು ಮೀಟರಿನಷ್ಟು ಎತ್ತರದ ಆ ಸದಾಶಿವ ಮೂರ್ತಿಯನ್ನು ಯಾವ ಚಿತ್ರವೂ ಪೂರ್ತಿ ತೋರಿಸಲಾರದು. ಸೋಮವಾರ ಗುಹೆಗಳು ಮುಚ್ಚಿರುತ್ತವೆಂಬುದು ನೆನಪಿರಲಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಹಾದಿ, ಆಮೇಲೆ ನೂರಕ್ಕೂ ಮಿಕ್ಕಿದ ಮೆಟ್ಟಿಲು. ಆದ್ದರಿಂದ ನಾನು ನಿಮ್ಮೊಡನೆ ಬರುತ್ತೇನೆ, ಅಮ್ಮನೂ ಅಜ್ಜಿಯೂ ಆ ಹೊತ್ತನ್ನು ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ಕಳೆಯಲಿ. 2024ರ ಡಿಸೆಂಬರಿನಲ್ಲಿ ಅದೇ ಜಲಮಾರ್ಗದಲ್ಲಿ ನಡೆದ ದೋಣಿ ಅಪಘಾತವನ್ನು ನಾನು ಮರೆತಿಲ್ಲ. ಜೀವರಕ್ಷಕ ಜಾಕೆಟ್ ತೊಡದೆ ನಾವಾರೂ ದೋಣಿಯಲ್ಲಿ ಕೂರುವುದಿಲ್ಲ. ಉಳಿದ ಒಂದು ದಿನ ತಮ್ಮನ ಇಚ್ಛೆಯಂತೆ ವರ್ಲಿಯ ನೆಹರು ವಿಜ್ಞಾನ ಕೇಂದ್ರ, ಇನ್ನೊಂದು ಪೂರ್ಣ ಬಿಡುವು. ಲೋಣಾವಳವನ್ನೂ ಡಿಸೆಂಬರ್ 31ರ ಮರೀನ್ ಡ್ರೈವನ್ನೂ ಬಿಟ್ಟುಬಿಡು.

ತಿದ್ದಿದ ಯೋಜನೆಯನ್ನು 20ರ ಒಳಗೆ ಕಳುಹಿಸು, ವಸತಿಗೆ ಮುಂಗಡ ಹಣ ಎಷ್ಟೆಂಬುದನ್ನೂ ಬರೆ. ಅಜ್ಜಿಯ ಆಧಾರಿನಲ್ಲಿರುವಂತೆಯೇ ಹೆಸರು, ವಯಸ್ಸುಗಳನ್ನು ಅಮ್ಮ ಇಂದು ರಾತ್ರಿ ಫೋನಿನಲ್ಲಿ ಹೇಳುತ್ತಾಳೆ. ಟಿಕೆಟಿಗೆ ಅದನ್ನೇ ಅಕ್ಷರ ತಪ್ಪದೆ ತುಂಬು.

ಇಂತು ನಿನ್ನ,
ಅಪ್ಪ