ರೈಟ್ ಆಂಗಲ್ ಅಟ್ಯಾಚ್‌ಮೆಂಟ್ ಮತ್ತು ನಿಮ್ಮ ಸರ್ವಿಸ್ ಸೆಂಟರಿನ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಗೇರ್ ಸವೆದ ಅಟ್ಯಾಚ್‌ಮೆಂಟ್‌ಗೆ ವಾರಂಟಿ ನಿರಾಕರಿಸಿದ್ದು

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿ ನೋಡಿದೆ. ಪ್ರತಿ ಸಲ ಹೊಸಬರು ಎತ್ತುತ್ತಾರೆ, ಪ್ರತಿ ಸಲ ಕಥೆ ಮೊದಲಿನಿಂದ ಶುರು. ಅದಕ್ಕೇ ಬರೆಯುತ್ತಿದ್ದೇನೆ. ವಸ್ತು ನಿಮ್ಮ ರೈಟ್ ಆಂಗಲ್ ಅಟ್ಯಾಚ್‌ಮೆಂಟ್: ಡ್ರಿಲ್ಲಿನ ಮೂತಿಗೆ ಸಿಕ್ಕಿಸಿದರೆ ಕೊರೆಯುವ ಬಿಟ್ಟನ್ನು 90 ಡಿಗ್ರಿ ಅಡ್ಡಕ್ಕೆ ತಿರುಗಿಸಿ ಹಿಡಿಯುವ ಉಪಕರಣ. ಬಿಲ್, ವಾರಂಟಿ ಕಾರ್ಡ್, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್ ಜೊತೆಗಿವೆ. ಜಾಬ್ ಕಾರ್ಡನ್ನು ನೀವಾದರೂ ಓದಿ. ಅದನ್ನು ಬರೆದವರು ಓದಿದ ಹಾಗೆ ಕಾಣುವುದಿಲ್ಲ.

ಇದ್ದ ಕೆಲಸ ದೊಡ್ಡದೇನಲ್ಲ. ಸಿಂಕ್ ಕೆಳಗಿನ ಕ್ಯಾಬಿನೆಟ್ಟಿನ ಪಕ್ಕದ ಹಲಗೆಯಲ್ಲಿ ಪೈಪ್ ಹಾಯಿಸಲು 10 ಮಿ.ಮೀ. ತೂತುಗಳು ಬೇಕಿದ್ದವು. ಹಲಗೆ 18 ಮಿ.ಮೀ. ಪ್ಲೈವುಡ್. ಹಲಗೆಗೂ ಎದುರಿನ ಡ್ರೈನ್ ಪೈಪಿಗೂ ನಡುವೆ ಇರುವುದು 15 ಸೆಂ.ಮೀ. ನನ್ನ ಡ್ರಿಲ್ ಮೆಷಿನ್ 19 ಸೆಂ.ಮೀ. ಉದ್ದ, ಅದರ ಮುಂದೆ ಬಿಟ್ ಬೇರೆ.

ಸುಮ್ನೆ ಕೈಗೆ ಸಿಕ್ಕಿದ್ದನ್ನು ಕೊಂಡವನಲ್ಲ ನಾನು. ಉದ್ದನೆಯ ಬಿಟ್ ಹಾಕಿ ಓರೆಯಾಗಿ ಕೊರೆಯಬಹುದಿತ್ತು. ಆದರೆ ತೂತು ಮೊಟ್ಟೆಯಾಕಾರ ಆಗುತ್ತದೆ, ಆಚೆ ಬದಿಯಲ್ಲಿ ಬೇರೆಲ್ಲೋ ಹೊರಬರುತ್ತದೆ. ಫ್ಲೆಕ್ಸಿಬಲ್ ಶಾಫ್ಟ್ ಸ್ಕ್ರೂ ತಿರುಗಿಸಲು, ಸಣ್ಣ ತೂತಿಗೆ ಪರವಾಗಿಲ್ಲ. ದಪ್ಪ ಬಿಟ್ ಮರದಲ್ಲಿ ಕಚ್ಚಿದ ತಕ್ಷಣ ಶಾಫ್ಟ್ ತಿರುಚಿಕೊಂಡು ಕೈಯಿಂದ ಜಾರುತ್ತದೆ. ಮೋಟಾರ್ ಸಮೇತ ಬರುವ ರೈಟ್ ಆಂಗಲ್ ಡ್ರಿಲ್ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು, ನಿಜ. ಆದರೆ ದಿನಾ ಇದೇ ಕೆಲಸ ಮಾಡುವವರಿಗೆ ಅದು ಸರಿ. ನನ್ನಂಥವರಿಗೆ ಇರುವ ಡ್ರಿಲ್ಲಿಗೇ ಸಿಕ್ಕಿಸುವ ಅಟ್ಯಾಚ್‌ಮೆಂಟ್ ಸಾಕು. ನಿಮ್ಮ ಪೆಟ್ಟಿಗೆಯ ಮೇಲೂ ಅದನ್ನೇ ಬರೆದಿದೆ, ಅಲ್ವಾ?

ಅದೇ ಪೆಟ್ಟಿಗೆಯ ಮೇಲೆ 'ಕೇವಲ 5 ಸೆಂ.ಮೀ. ಜಾಗ ಸಾಕು' ಅಂತಲೂ ಇದೆ. ಅಳೆದು ನೋಡಿದೆ. 5 ಸೆಂ.ಮೀ. ಇರುವುದು ಬರೀ ಅಟ್ಯಾಚ್‌ಮೆಂಟಿನ ತಲೆ, ಅಂದರೆ ಬಿಟ್ ಹಿಡಿಯುವ ತುದಿ. ಮಾಮೂಲಿ 10 ಮಿ.ಮೀ. ಬಿಟ್ಟೇ 133 ಮಿ.ಮೀ. ಉದ್ದ. ಬಿಟ್ ಹಾಕದೆ ತೂತು ಕೊರೆಯುವ ವಿದ್ಯೆ ನಿಮ್ಮಲ್ಲಿದ್ದರೆ ನಮಗೂ ಹೇಳಿಕೊಡಿ. ಪೆಟ್ಟಿಗೆಯ ಫೋಟೋದಲ್ಲಿ ಸಿಕ್ಕಿಸಿರುವುದು ದುಂಡು ಬುಡದ ಬಿಟ್. ಒಳಗಿನ ಉಪಕರಣ ಹಿಡಿಯುವುದು 6.35 ಮಿ.ಮೀ. ಹೆಕ್ಸ್ (ಆರು ಮೂಲೆಯ) ಬುಡದ ಬಿಟ್ ಮಾತ್ರ. ಇದಕ್ಕೂ ನಾನು ಜಗಳ ಮಾಡಲಿಲ್ಲ. ಬೇರೆಯಾಗಿ ಗಿಡ್ಡ ಹೆಕ್ಸ್ ಬಿಟ್ ತಂದು ಕೆಲಸ ಶುರು ಮಾಡಿದೆ.

ಮೊದಲ ತೂತು ಚೆನ್ನಾಗಿಯೇ ಬಿತ್ತು. ಎರಡನೆಯದು ಅರ್ಧಕ್ಕೆ ಬಂದಾಗ ತಲೆಯೊಳಗೆ ಕಟಕಟ ಸದ್ದು. ಮುಟ್ಟಿದರೆ ಬಿಸಿ. ಆಮೇಲೆ ಡ್ರಿಲ್ ತಿರುಗುತ್ತಿತ್ತು, ಬಿಟ್ ನಿಂತಿತ್ತು. ಕಡಿಮೆ ಸ್ಪೀಡಿನ ಗೇರಿನಲ್ಲಿ, ಪಕ್ಕದ ಹಿಡಿಯನ್ನು ಗಟ್ಟಿಯಾಗಿ ಹಿಡಿದೇ ಕೊರೆದಿದ್ದೆ. ನಿಮ್ಮ ಪುಸ್ತಿಕೆಯ ಪ್ರಕಾರ ಮರದಲ್ಲಿ 12 ಮಿ.ಮೀ. ತನಕ ಕೊರೆಯಬಹುದು.

ಇನ್ನು ಸರ್ವಿಸ್ ಸೆಂಟರ್. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೌಂಟರಿನಲ್ಲಿದ್ದ ನಿಮ್ಮ ಟೆಕ್ನಿಷಿಯನ್ ಅಟ್ಯಾಚ್‌ಮೆಂಟಿನ ತಲೆಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, "ಇಂಪ್ಯಾಕ್ಟ್ ಡ್ರೈವರಿಗೆ ಹಾಕಿದ್ದೀರಿ" ಅಂದರು. ಅದು ಬಡಿತ ಕೊಡುತ್ತಾ ಸ್ಕ್ರೂ ತಿರುಗಿಸುವ ಮೆಷಿನ್. ಇಲ್ಲ, ಮಾಮೂಲಿ ಡ್ರಿಲ್ ಅಂದೆ. ಇಂಪ್ಯಾಕ್ಟಿಗೂ ಹಾಕಬಹುದು ಅಂತ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಇದೆಯಲ್ಲ ಅಂತಲೂ ಕೇಳಿದೆ. "ಅದು ಮಾರ್ಕೆಟಿಂಗ್‌ನವರು ಹಾಕೋದು ಸರ್." ಹಾಗಾದರೆ ಯಾವುದನ್ನು ನಂಬಬೇಕು ಅಂದೆ. ಅದಕ್ಕೆ ಉತ್ತರ ಇಲ್ಲ. "ಸ್ಪೀಡ್ ಜಾಸ್ತಿ ಇಟ್ಟಿರುತ್ತೀರಿ." ಇಲ್ಲ ಅಂದೆ. "ಹಾಗಿದ್ರೆ ಜಾಸ್ತಿ ಒತ್ತಿದ್ದೀರಿ." ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು. "ಇದೇ ಡ್ರಿಲ್ ಅಂದ್ಕೊಳ್ಳಿ. ಹೇಗೆ ಒತ್ತಿದ್ರಿ ತೋರಿಸಿ."

ನನ್ನ ಹಿಂದೆ ಸಾಲು ಇತ್ತು. ಗ್ರೈಂಡರ್ ಹಿಡಿದುಕೊಂಡು ನಿಂತಿದ್ದ ಒಬ್ಬರು ಇಣುಕಿ ನೋಡುತ್ತಿದ್ದರು. ಇಷ್ಟು ದೂರ ಬಂದು ವಾಪಸ್ ಹೋಗುವುದು ಬೇಡ ಅಂತ ನಾನು ಕೌಂಟರಿನ ಮೇಲೆ ಪೆನ್ನು ಊರಿ ತೋರಿಸಿದೆ. ಅವರು ತಲೆಯಾಡಿಸಿ, ಒಳಗಿದ್ದ ಸಹೋದ್ಯೋಗಿಯನ್ನು ಕೂಗಿದರು. "ಬಾರೋ ಇಲ್ಲಿ, ಸರ್ ಹೇಗೆ ಒತ್ತುತ್ತಾರೆ ನೋಡು." ಆತ ಬಂದು ನೋಡಿ, "ಸರ್, ಇನ್ನೊಂದ್ಸಲ ಮಾಡಿ" ಅಂದರು. ಮಾಡಿದೆ. ಇಬ್ಬರೂ ಒಂದೇ ತೀರ್ಪು ಕೊಟ್ಟರು: ಒತ್ತಡ ಜಾಸ್ತಿ. ಬಾಲ್ ಪೆನ್ನಿನ ಮೇಲೆ ಟಾರ್ಕ್ (ತಿರುಗಿಸುವ ಬಲ) ಅಳೆಯುವ ನಿಮ್ಮ ತಾಂತ್ರಿಕ ಸಾಮರ್ಥ್ಯಕ್ಕೆ ನನ್ನ ನಮಸ್ಕಾರ. ಕೊನೆಗೆ ಬಂತು ಬುದ್ಧಿಮಾತು: "ಕ್ಯಾಬಿನೆಟ್ ಕೂರಿಸೋ ಮುಂಚೆನೇ ತೂತು ಹಾಕ್ಬೇಕಿತ್ತು ಸರ್. ಅಷ್ಟು ಇಕ್ಕಟ್ಟಲ್ಲಿ ಯಾರಾದ್ರೂ ಕೊರೀತಾರಾ?" ಇಕ್ಕಟ್ಟಿನಲ್ಲಿ ಕೊರೆಯುವುದಕ್ಕೆಂದೇ ನೀವು ಮಾರುವ ಉಪಕರಣ ಆಗ ನಮ್ಮಿಬ್ಬರ ನಡುವೆಯೇ ಬಿದ್ದಿತ್ತು.

ನಾನು ಪಟ್ಟು ಹಿಡಿದ ಮೇಲೆ ನನ್ನ ಎದುರೇ ತಲೆ ಬಿಚ್ಚಿದರು. ಗ್ರೀಸ್ ಕಪ್ಪಾಗಿತ್ತು, ಬೆಳಕಿಗೆ ಹಿಡಿದರೆ ಅದರೊಳಗೆ ಲೋಹದ ಪುಡಿ ಮಿನುಗುತ್ತಿತ್ತು. ತಿರುಗುವ ದಿಕ್ಕನ್ನು ಬದಲಿಸುವ ಚಿಕ್ಕ ಬೆವೆಲ್ ಗೇರಿನ ಹಲ್ಲುಗಳು ಒಂದೇ ಬದಿಯಲ್ಲಿ ಸವೆದು ಬೋಳಾಗಿದ್ದವು. ಬೇರಿಂಗ್ ಇರಬೇಕಾದ ಕಡೆ ಬರೀ ಬುಶ್ (ಗುಂಡುಗಳಿಲ್ಲದ ಬಳೆ), ಅದೂ ಸಡಿಲ. ಶಾಫ್ಟ್ ಆಡುತ್ತಿದ್ದರೆ ಹಲ್ಲಿನ ತುದಿಗಳಷ್ಟೇ ತಾಗುತ್ತವೆ, ಪೂರ್ತಿ ಭಾರ ಆ ತುದಿಗಳ ಮೇಲೆ ಬೀಳುತ್ತದೆ. ಇದನ್ನು ನಾನು ನಿಮಗೆ ಹೇಳಿಕೊಡಬೇಕೇ? ಇಷ್ಟು ನೋಡಿಯೂ ಅವರು ಜಾಬ್ ಕಾರ್ಡಿನಲ್ಲಿ ಬರೆದದ್ದು: 'ಗ್ರಾಹಕರ ತಪ್ಪು ಬಳಕೆ. ವಾರಂಟಿ ಅನ್ವಯಿಸುವುದಿಲ್ಲ.'

ವಾರಂಟಿ ಕಾರ್ಡಿನ ನಾಲ್ಕನೇ ಅಂಶದಲ್ಲಿ ಏನಿದೆ ಅಂತ ನಿಮಗೇ ಗೊತ್ತು, ಇಲ್ಲಿ ನಕಲು ಮಾಡುವುದಿಲ್ಲ. ಅದನ್ನು ಬರೆದವರು ನೀವೇ.

ಹೊಸ ಪೀಸ್ ಕಳಿಸುತ್ತೇವೆ ಅಂತ ಈಗ ಫೋನ್ ಮಾಡಬೇಡಿ. ಅದೇ ಬುಶ್ ಇರುವ ಇನ್ನೊಂದು ತಲೆ ಕಟ್ಟಿಕೊಂಡು ನಾನೇನು ಮಾಡಲಿ? ಹಣ ವಾಪಸ್ ಕೊಡುವುದಿದ್ದರೆ ಲಿಖಿತವಾಗಿ ತಿಳಿಸಿ, ಆ ಜಾಬ್ ಕಾರ್ಡಿನ ಷರಾ ತಿದ್ದಿ ಕಳಿಸಿ. ಒಂದು ವಾರ ಕಾಯುತ್ತೇನೆ. ಆಮೇಲೆ ಗ್ರಾಹಕರ ನ್ಯಾಯಾಲಯದಲ್ಲಿ ಮಾತಾಡೋಣ. ಪೆಟ್ಟಿಗೆಯನ್ನು ಎಸೆದಿಲ್ಲ, ಗೇರನ್ನು ಒರೆಸಿಲ್ಲ. ನಿಮ್ಮ ಕೌಂಟರಿನ ಮೇಲೆ ಕ್ಯಾಮೆರಾ ಇದೆ, ಆ ದಿನದ ದೃಶ್ಯವನ್ನು ಅಳಿಸಬೇಡಿ. ಅದನ್ನು ಹಾಜರುಪಡಿಸಿ ಅಂತ ನಾನು ಕೇಳುವವನಿದ್ದೇನೆ. ನಿಮ್ಮ ಟೆಕ್ನಿಷಿಯನ್ನರನ್ನೂ ಕರೆಸಿ ಅನ್ನುತ್ತೇನೆ. ಪೆನ್ನು ನಾನೇ ತರುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಗ್ರಾಹಕ