ಮೊದಲ ಆಂಬ್ಯುಲೆನ್ಸಿನವರ ಕೆಲಸ

ಚಿ. ನಂದಿನಿಗೆ ಸೋದರಮಾವನ ಆಶೀರ್ವಾದಗಳು.

ನ್ಯೂಜೆರ್ಸಿಯಲ್ಲಿ ಆಂಬ್ಯುಲೆನ್ಸ್ ದಳಕ್ಕೆ ಇಎಂಟಿಯಾಗಿ (ತುರ್ತು ಚಿಕಿತ್ಸಾ ತಂತ್ರಜ್ಞೆಯಾಗಿ) ಸೇರಿದ್ದೀಯ ಎಂದು ಅಕ್ಕ ಹೇಳಿದಳು, ಸಂತೋಷವಾಯಿತು. ಜೊತೆಗೆ, "ಅದೇನೋ ನಾಲ್ಕು ಆನ್‌ಲೈನ್ ಕೋರ್ಸು ಕಡ್ಡಾಯವಂತೆ, ಒಂದು ರಾತ್ರಿ ಕೂತು ಕ್ಲಿಕ್ ಮಾಡಿ ಮುಗಿಸಿಬಿಡ್ತೀನಿ" ಅಂದೆಯಂತೆ. ದೊಡ್ಡ ಅವಘಡದಲ್ಲಿ ಯಾರ ಕೆಲಸ ಯಾವುದು, ಯಾರು ಯಾರ ಮಾತು ಕೇಳಬೇಕು ಎಂದು ಹೇಳುವ 'ಇನ್ಸಿಡೆಂಟ್ ಕಮಾಂಡ್' ವ್ಯವಸ್ಥೆಯ ಕೋರ್ಸುಗಳವು. ಮುಗಿಸಬಹುದಮ್ಮ. ದುಡ್ಡು ಕೊಡಬೇಕಿಲ್ಲ, ನೂರಕ್ಕೆ 75 ಬಂದರೆ ಪಾಸು. ಆದರೆ ಇಎಂಟಿ ತರಗತಿ ನಿನ್ನ ಕೈಗೆ ಏನು ಕಲಿಸಿದೆಯೋ ಅದನ್ನು ಕೆಲವು ನಿಮಿಷ ತಡೆಹಿಡಿಯುವುದನ್ನು ಈ ಕೋರ್ಸು ಕಲಿಸುತ್ತದೆ. ಅದು ಕ್ಲಿಕ್ಕಿನಲ್ಲಿ ಬರುವುದಿಲ್ಲ.

ಕಾಗದಪತ್ರದ ವಿಷಯ ಮೊದಲು ಮುಗಿಸೋಣ. ಫೆಮಾದ (ಅಮೆರಿಕದ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯ) ಜಾಲತಾಣದಲ್ಲಿ ವಿದ್ಯಾರ್ಥಿ ಸಂಖ್ಯೆ ಮಾಡಿಸಿಕೊ, ಅದಿಲ್ಲದೆ ಪರೀಕ್ಷೆ ತೆರೆಯುವುದಿಲ್ಲ. ಆ ನಾಲ್ಕು ಕೋರ್ಸುಗಳಲ್ಲಿ ಐಎಸ್-100 ಸುಮಾರು 2 ಗಂಟೆ, 200 ಸುಮಾರು 4, 700 ಮೂರೂವರೆ, 800 ಮೂರು. ಒಂದೇ ರಾತ್ರಿಯಲ್ಲಿ ಹೇಗೆ ಮುಗಿಸುತ್ತೀಯೋ ನೀನೇ ಲೆಕ್ಕ ಹಾಕು. 100 ಆದಮೇಲೆ 700 ಮಾಡಿ, ಆಮೇಲೆ 200 ಹಿಡಿದರೆ ತಲೆಗೆ ಸರಿಯಾಗಿ ಹತ್ತುತ್ತದೆ. ನಮ್ಮ ಕಡೆಯವರ ಹೆಸರಿನ ಫಜೀತಿ ಗೊತ್ತಲ್ಲ, ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಊರಿನ ಹೆಸರು. ಇಎಂಟಿ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಕೊಡು. ಕಾಲೇಜಿನ ಇಮೇಲ್ ಕೊಡಬೇಡ. ಓದು ಮುಗಿದ ಮೇಲೆ ಅದು ಮುಚ್ಚಿಹೋದರೆ ಸರ್ಟಿಫಿಕೇಟಿಗೆ ಪರದಾಡಬೇಕು.

ಇದು ಕಡ್ಡಾಯವಾದದ್ದು ಯಾರದೋ ಹಟಕ್ಕಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು 13 ದಿನದಲ್ಲಿ 16 ಜೀವ ತೆಗೆದುಕೊಂಡಿತು. ನೆರವಿಗೆ ಬಂದ ದಳಗಳದು ಒಂದೊಂದರದು ಒಂದೊಂದು ಭಾಷೆ, ಒಂದೊಂದು ರೇಡಿಯೋ. ಈ ಕಮಾಂಡ್ ವ್ಯವಸ್ಥೆ ಹುಟ್ಟಿದ್ದು ಆ ಅನುಭವದಿಂದ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರಿಗೆ ಕಂಡದ್ದು ಗೋಪುರದೊಳಗಿದ್ದ ಅಗ್ನಿಶಾಮಕರಿಗೆ ತಲುಪಲಿಲ್ಲ. 2003ರ ಫೆಬ್ರವರಿಯಲ್ಲಿ ಅಧ್ಯಕ್ಷರ ನಿರ್ದೇಶನ ಬಂತು, 2004ರ ಮಾರ್ಚಿನಲ್ಲಿ ನಿಮ್ಸ್ (ದೇಶಕ್ಕೆಲ್ಲ ಒಂದೇ ಅವಘಡ ನಿರ್ವಹಣಾ ವ್ಯವಸ್ಥೆ) ಬಂತು, ಅದನ್ನು ಒಪ್ಪಿಕೊಳ್ಳದ ಊರಿಗೆ ಕೇಂದ್ರದ ಸನ್ನದ್ಧತಾ ಅನುದಾನವಿಲ್ಲ ಎಂದಾಯಿತು. ನಿನ್ನ ದಳದವರು ಸರ್ಟಿಫಿಕೇಟು ಕೇಳುವುದರ ಹಿಂದೆ ಇರುವುದು ಇದೇ. (ನಮ್ಮ ದೇಶದಲ್ಲೂ ಇದನ್ನೇ ತಿದ್ದಿಕೊಂಡು 2010ರಲ್ಲಿ ಮಾರ್ಗಸೂಚಿ ಮಾಡಿದ್ದಾರೆ. ಅದರಲ್ಲಿ ಜಿಲ್ಲೆಯ ಹೊಣೆ ಡಿಸಿಯವರದು.)

ಈಗ ಮುಖ್ಯ ಮಾತು. ಹೆದ್ದಾರಿಯಲ್ಲಿ ಬಸ್ಸು ಮಗುಚಿದೆ, ಇನ್ನೂ ಯಾರೂ ಬಂದಿಲ್ಲ, ನಿಮ್ಮ ಗಾಡಿಯೇ ಮೊದಲು ಎಂದುಕೋ. ಕಿಟಕಿಯ ಹತ್ತಿರ ಒಬ್ಬ ಹೆಂಗಸು ಕೈಚಾಚಿ ಕೂಗುತ್ತಿದ್ದಾಳೆ. ಅವಳ ಹತ್ತಿರ ಓಡಿದೆಯೋ, ಆ ಕ್ಷಣದಿಂದ ನೀನು ಒಬ್ಬಳ ಇಎಂಟಿ, ಉಳಿದ 23 ಜನರಿಗೆ ಯಾರೂ ಇಲ್ಲ. ಗಾಡಿ ನಿಲ್ಲಿಸುವಾಗಲೇ ಹೊರಡುವ ದಾರಿ ನೋಡಿಕೊ. ಇಳಿಯುವ ಮುಂಚೆ ರೇಡಿಯೋದಲ್ಲಿ ಹೇಳು: ಎಲ್ಲಿ, ಯಾವ ದಿಕ್ಕಿನ ರಸ್ತೆ, ಏನಾಗಿದೆ, ಡೀಸೆಲ್ ಸೋರುತ್ತಿದೆಯೇ, ಅಂದಾಜು ಎಷ್ಟು ಜನ, ಇನ್ನೆಷ್ಟು ಗಾಡಿ ಬೇಕು, ಅವು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲಬೇಕು, ಕಮಾಂಡ್ ಯಾರದು. ಟೆನ್-ಕೋಡ್ (ಮಾತಿನ ಬದಲು ರೇಡಿಯೋದಲ್ಲಿ ಹೇಳುವ ಅಂಕಿ) ಬಳಸಬೇಡ, ಒಂದೇ ಅಂಕಿಗೆ ಊರಿಗೊಂದು ಅರ್ಥ. "ಬಸ್ಸು ಮಗುಚಿದೆ, ಸುಮಾರು 24 ಜನಕ್ಕೆ ಗಾಯ" ಅಂದರೆ ಪಕ್ಕದ ಊರಿನವರಿಗೂ ತಿಳಿಯುತ್ತದೆ.

ಇಬ್ಬರಲ್ಲಿ ಅನುಭವಿ ಯಾರೋ ಅವರು ಕಮಾಂಡ್ ಹಿಡಿಯಲಿ, ಇನ್ನೊಬ್ಬರು ಟ್ಯಾಗ್ (ಗಾಯಾಳುವಿಗೆ ಕಟ್ಟುವ ಬಣ್ಣದ ಚೀಟಿ: ಕೆಂಪು ಅಂದರೆ ತಕ್ಷಣ, ಹಳದಿ ಸ್ವಲ್ಪ ಕಾಯಬಹುದು, ಹಸಿರು ಸಣ್ಣ ಗಾಯ, ಕಪ್ಪು ಬದುಕುಳಿಯದವರು) ಹಿಡಿದು ಒಳಗೆ ಹೋಗಲಿ. "ನಡೆಯೋಕಾಗೋರು ಆ ಮರದ ಹತ್ತಿರ ಹೋಗಿ" ಎಂದು ಗಟ್ಟಿಯಾಗಿ ಕೂಗಬೇಕು. ಹೋದವರು ಹಸಿರು. ಉಳಿದವರಿಗೆ ತಲಾ ಒಂದು ನಿಮಿಷದೊಳಗೆ: ಉಸಿರಿಲ್ಲದಿದ್ದರೆ ಶ್ವಾಸದಾರಿ ತೆರೆ, ಆಗಲೂ ಬಾರದಿದ್ದರೆ ಕಪ್ಪು, ಬಂದರೆ ಕೆಂಪು. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. ಹೇಳಿದ್ದನ್ನು ಮಾಡಲಾಗದಿದ್ದರೆ ಕೆಂಪು. ಇದೆಲ್ಲ ಸರಿಯಿದ್ದೂ ನಡೆಯಲಾಗದವರು ಹಳದಿ. ಈ ಸುತ್ತಿನಲ್ಲಿ ನಿನಗೆ ಇರುವ ಚಿಕಿತ್ಸೆ ಎರಡೇ, ಶ್ವಾಸದಾರಿ ತೆರೆಯುವುದು, ಸುರಿಯುವ ರಕ್ತ ನಿಲ್ಲಿಸುವುದು. ಬ್ಯಾಂಡೇಜ್ ಸುತ್ತುತ್ತಾ ಕೂರಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಸಾಗಣೆಯಲ್ಲಿ. ನಡೆಯಬಲ್ಲವರು ತಾವೇ ಬಂದು ಗಾಡಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಪಾಪ ಅನ್ನಿಸಿ ಹತ್ತಿಸಿಕೊಂಡು ಮೊದಲ ಗಾಡಿ ಹೊರಟರೆ, ಹತ್ತಿರದ ಆಸ್ಪತ್ರೆ ಹಸಿರಿನವರಿಂದ ತುಂಬಿ, ಕೆಂಪಿನವರು ಬರುವಾಗ ಜಾಗವಿರುವುದಿಲ್ಲ. ಅದಕ್ಕೇ ಸಾಗಣೆಗೆ ಒಬ್ಬರೇ ಹೊಣೆ. ಯಾವ ಆಸ್ಪತ್ರೆ ಎಷ್ಟು ಕೆಂಪಿನವರನ್ನು ತೆಗೆದುಕೊಳ್ಳುತ್ತದೆ ಎಂದು ಕೇಳಿ, ಟ್ಯಾಗ್ ಸಂಖ್ಯೆ, ಬಣ್ಣ, ಗಾಡಿ, ಆಸ್ಪತ್ರೆ, ಹೊರಟ ಸಮಯ ಬರೆದುಕೊಂಡ ಮೇಲೆಯೇ ಗಾಡಿ ಕದಲಬೇಕು. ಸಂಜೆ "ನಮ್ಮ ಹುಡುಗ ಎಲ್ಲಿ?" ಎಂದು ಬರುವ ತಾಯಿಗೆ ಉತ್ತರ ಇರುವುದು ಆ ಹಾಳೆಯಲ್ಲೇ. ಸ್ಟೇಜಿಂಗಿನಲ್ಲಿ (ಕರೆ ಬರುವವರೆಗೆ ಗಾಡಿಗಳು ನಿಲ್ಲುವ ಜಾಗದಲ್ಲಿ) ಕಾಯುವಾಗ ಡ್ರೈವರ್ ಸೀಟು ಬಿಡಬಾರದು. ಕೀ ಜೇಬಿಗೆ ಹಾಕಿಕೊಂಡು ನೋಡಲು ಹೋದರೆ ಹಿಂದಿನ ನಾಲ್ಕು ಗಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಒಬ್ಬರ ಕೈಕೆಳಗೆ ಸುಮಾರು ಐವರಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾಯಿತೋ ಟ್ರಯಾಜ್ (ಗಾಯಾಳುಗಳನ್ನು ಬಣ್ಣದಿಂದ ವಿಂಗಡಿಸುವುದು), ಚಿಕಿತ್ಸೆ, ಸಾಗಣೆ ಎಂದು ಒಡೆ, ಮೂವರಿಗೂ ಹುದ್ದೆ ಬರೆದ ವೆಸ್ಟ್ ತೊಡಿಸು. ದೊಡ್ಡ ಅಧಿಕಾರಿ ಬಂದ ಮಾತ್ರಕ್ಕೆ ಕಮಾಂಡ್ ಅವರ ಕೈಗೆ ಹೋಗುವುದಿಲ್ಲ. ಎದುರಾಬದುರು ನಿಂತು ವಿವರ ಕೊಟ್ಟು, ಬದಲಾಯಿತೆಂದು ರೇಡಿಯೋದಲ್ಲಿ ಸಾರಬೇಕು. ಇನ್ನೊಂದು, ಪರೀಕ್ಷೆಯಲ್ಲಿ ಎಡವುವ ಜಾಗ: ಲಾಜಿಸ್ಟಿಕ್ಸ್ (ಸಾಮಗ್ರಿ, ಸೌಕರ್ಯ ಒದಗಿಸುವ ವಿಭಾಗ) ಅಡಿಯಲ್ಲಿ ಬರುವ 'ಮೆಡಿಕಲ್ ಯೂನಿಟ್' ಗಾಯಾಳುಗಳಿಗಲ್ಲ, ಕೆಲಸ ಮಾಡುವ ನಮ್ಮವರಿಗೆ. ಗಾಯಾಳುಗಳನ್ನು ನೋಡುವವರು ಆಪರೇಷನ್ಸ್ (ಸ್ಥಳದಲ್ಲಿ ನೇರ ಕೆಲಸ ಮಾಡುವ ವಿಭಾಗ) ಅಡಿಯಲ್ಲಿದ್ದಾರೆ.

ಸುದ್ದಿ ಕೇಳಿದೊಡನೆ ರಜೆಯಲ್ಲಿದ್ದೂ ಸ್ವಂತ ಕಾರಿನಲ್ಲಿ ಹೊರಡುವ ಚಟ ಬೇಡ. ಹಾಜರಿ ಹಾಕದೆ ಒಳಗೆ ಹೋದವಳು ಕಾಣೆಯಾದರೆ, ಹುಡುಕಬೇಕೆಂಬುದೇ ಯಾರಿಗೂ ಹೊಳೆಯುವುದಿಲ್ಲ.

ಈ ವಾರದ ಶಿಫ್ಟಿನಲ್ಲಿ ಗಾಡಿಯ ಟ್ರಯಾಜ್ ಚೀಲ ಬಿಚ್ಚಿ ನೋಡು. ಟ್ಯಾಗ್ ಎಷ್ಟಿವೆ ಎಣಿಸು, ದಾರ ಗಂಟುಬಿದ್ದಿದ್ದರೆ ಬಿಡಿಸಿಡು, ಮಾರ್ಕರ್ ಒಣಗಿದೆಯೋ ಗೀಚಿ ನೋಡು.

ಇಂತಿ ನಿನ್ನ ಮಾವ