ಲಸಿಕೆಗೆ ಮುಂಚಿನ ಮಾದರಿ ಒಂದೇ ಸಾಲದು

ಚಿ. ಸುಮಾಳಿಗೆ ಆಶೀರ್ವಾದಗಳು.

ಲಸಿಕೆ ಪಡೆದವರ ಮೂತ್ರದ ಮೆಟಬಾಲೈಟ್‌ಗಳನ್ನು, ಅಂದರೆ ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ಹುಟ್ಟುವ ಸಣ್ಣ ಅಣುಗಳನ್ನು, ಅಳೆದು ಲಸಿಕೆಗೆ ದೇಹದ ಪ್ರತಿಕ್ರಿಯೆ ತಿಳಿಯುವ ನಿನ್ನ ಯೋಜನೆ ಓದಿದೆ. ವಿಷಯ ಚೆನ್ನಾಗಿದೆ, ಸೂಜಿಯ ಭಯವಿಲ್ಲದೆ ಜನ ದಿನವೂ ಮಾದರಿ ಕೊಡುತ್ತಾರೆ. ಆದರೆ ಲಸಿಕೆಗೆ ಮುಂಚೆ ಒಂದೇ ಮಾದರಿ ಇಟ್ಟಿದ್ದೀಯ. ಹಿಂದಿನ ರಾತ್ರಿಯ ಊಟ, ಕುಡಿದ ನೀರು, ಪಟ್ಟ ಶ್ರಮ ಎಲ್ಲವೂ ಮೂತ್ರದಲ್ಲಿ ಕಾಣುತ್ತವೆ. ಪ್ರತಿಯೊಬ್ಬರಿಂದಲೂ ಲಸಿಕೆಗೆ ಮೊದಲು ಮೂರು ಬೇರೆ ದಿನಗಳ ಬೆಳಗಿನ ಮೊದಲ ಮೂತ್ರವನ್ನು, ಅದರಲ್ಲೂ ಆರಂಭದ ಹನಿಗಳನ್ನು ಬಿಟ್ಟು ನಡುಧಾರೆಯದನ್ನು, ತೆಗೆದುಕೋ. ಅವರವರ ಸಹಜ ಏರಿಳಿತ ತಿಳಿಯದೆ ಲಸಿಕೆಯ ಪರಿಣಾಮ ಇಷ್ಟು ಎನ್ನಲಾಗದು. ಲಸಿಕೆಯ ಆಮೇಲೆ 1, 3, 7, 14, 28ನೇ ದಿನ ಮಾದರಿ ತೆಗೆದುಕೋ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಪ್ಯಾರಾಸಿಟಮಾಲ್ ಬಗ್ಗೆ. ದೇಹ ಅದನ್ನು ಹೊರಹಾಕಲು ಮಾರ್ಪಡಿಸಿದ ರೂಪಗಳಾದ ಗ್ಲುಕುರೊನೈಡ್ ಮತ್ತು ಸಲ್ಫೇಟ್, ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಅವುಗಳ ಪೀಕ್‌ಗಳಿಂದ ಗುರುತಿಸುವ ವಿಧಾನ) ಪೀಕ್‌ನ ಜಾಗ ಹೇಳುವ ಪಿಪಿಎಂ ಅಳತೆಯ 2.2ರ ಆಸುಪಾಸಿನಲ್ಲೂ 7ರಿಂದ 7.5ರ ನಡುವೆಯೂ ಎದ್ದು ನಿಂತು ಸುತ್ತಲಿನ ಸಣ್ಣ ಪೀಕ್‌ಗಳನ್ನು ಮುಚ್ಚಿಬಿಡುತ್ತವೆ. ಮಾತ್ರೆ ನುಂಗುವವರು ಹೆಚ್ಚಾಗಿ ಜ್ವರ ಬಂದವರೇ. ಹಾಗಾಗಿ 'ಪ್ರಬಲ ಪ್ರತಿಕ್ರಿಯೆಯ ಗುರುತು' ಎಂದು ನಿನ್ನ ಮಾಡೆಲ್ (ಅಂಕಿಅಂಶಗಳಿಂದ ಕಲಿಯುವ ಕಂಪ್ಯೂಟರ್ ಲೆಕ್ಕ) ಹಿಡಿಯುವುದು ಮಾತ್ರೆಯನ್ನಾಗಿರಬಹುದು. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ ಎಂದು ಅವರಿಂದಲೇ ಬರೆಸಿಕೋ. ಮಾತ್ರೆಯ ಪೀಕ್‌ಗಳಿರುವ ಭಾಗಗಳನ್ನು ವಿಶ್ಲೇಷಣೆಯಿಂದ ತೆಗೆದುಹಾಕು.

ರೋಗನಿರೋಧಕ ವ್ಯವಸ್ಥೆ ಚುರುಕಾದಾಗ ಏರುವ ನಿಯೋಪ್ಟೆರಿನ್ ಅಳೆಯುವುದಾದರೆ ಶೀಶೆಗೆ ಫಾಯಿಲ್ ಸುತ್ತು. ಬೆಳಕು ತಗುಲಿದರೆ ಅದು ಕೆಡುತ್ತದೆ. ಗಾಮಾ ಇಂಟರ್‌ಫೆರಾನ್ ಎಂಬ ರೋಗನಿರೋಧಕ ಸಂಕೇತದ ಪ್ರಚೋದನೆಗೆ ಮ್ಯಾಕ್ರೋಫೇಜ್‌ಗಳು (ರೋಗಾಣುಗಳನ್ನು ನುಂಗುವ ಕೋಶಗಳು) ಹೊರಬಿಡುವ ವಸ್ತುವದು, ನಿನ್ನ ಪ್ರಶ್ನೆಗೆ ತೀರಾ ಹತ್ತಿರದ್ದು. ಮೂತ್ರ ಎಷ್ಟು ನೀರಾಗಿದೆ ಎಂಬುದನ್ನು ಸರಿದೂಗಿಸಲು, ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಭಾಗಿಸಿಯೇ ವರದಿ ಮಾಡು. ಮಾಂಸಾಹಾರ, ಸ್ನಾಯುಗಳ ಪ್ರಮಾಣಗಳಿಂದ ಕ್ರಿಯಾಟಿನಿನ್ ಕೂಡ ಬದಲಾಗುತ್ತದೆ, ಆದ್ದರಿಂದ ಆಸ್ಮೊಲ್ಯಾಲಿಟಿಯನ್ನೂ (ಕರಗಿದ ಕಣಗಳ ಒಟ್ಟು ಸಾಂದ್ರತೆ) ನೋಡಿಕೋ.

ಮಾದರಿ ಬಂದ ಕೂಡಲೇ 4 ಡಿಗ್ರಿಯಲ್ಲಿಡು. ಫ್ರೀಜ್ ಮಾಡುವ ಮುನ್ನವೇ ಸೆಂಟ್ರಿಫ್ಯೂಜ್ ಮಾಡು, ಅಂದರೆ ವೇಗವಾಗಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸಿ ಬೇರ್ಪಡಿಸು. ಇಲ್ಲವಾದರೆ ಜೀವಕೋಶಗಳು ಒಡೆದು ಒಳಗಿನದೆಲ್ಲ ಮೂತ್ರಕ್ಕೆ ಸೇರುತ್ತದೆ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡು, ಒಂದು ಪಾಲನ್ನು ಒಮ್ಮೆ ಮಾತ್ರ ಕರಗಿಸು. ಎನ್‌ಎಂಆರ್‌ಗೆ 540 ಮೈಕ್ರೊಲೀಟರ್ ಮೂತ್ರಕ್ಕೆ ಪಿಎಚ್ (ಆಮ್ಲೀಯತೆಯ ಅಳತೆ) ಸ್ಥಿರವಾಗಿಡುವ, ಪಿಎಚ್ 7.4ರ ಫಾಸ್ಫೇಟ್ ಬಫರ್ 60 ಮೈಕ್ರೊಲೀಟರ್ ಹಾಕು. ಪಿಎಚ್ ತಪ್ಪಿದರೆ ಸಿಟ್ರೇಟ್ ಪೀಕ್‌ಗಳು ಜಾಗ ಬದಲಿಸುತ್ತವೆ. ಒಬ್ಬರ ಎಲ್ಲ ದಿನಗಳ ಮಾದರಿಗಳನ್ನೂ ಒಂದೇ ಬ್ಯಾಚ್‌ನಲ್ಲಿ ಓಡಿಸು, ಆದರೆ ಕ್ರಮವನ್ನು ಕಲಸು.

ಕ್ರಾಸ್ ವ್ಯಾಲಿಡೇಷನ್ ಮಾಡುವಾಗ, ಅಂದರೆ ಒಂದು ಭಾಗದಿಂದ ಮಾಡೆಲ್‌ಗೆ ಕಲಿಸಿ ಇನ್ನೊಂದು ಭಾಗದಿಂದ ಪರೀಕ್ಷಿಸುವಾಗ, ಮಾದರಿಗಳನ್ನಲ್ಲ, ವ್ಯಕ್ತಿಗಳನ್ನು ಭಾಗ ಮಾಡು. ಒಬ್ಬರ ಮಾದರಿಗಳು ಎರಡೂ ಕಡೆ ಸೇರಿದರೆ ಮಾಡೆಲ್ ಲಸಿಕೆಯನ್ನು ಬಿಟ್ಟು ಆ ವ್ಯಕ್ತಿಯನ್ನೇ ಗುರುತಿಸುವುದನ್ನು ಕಲಿಯುತ್ತದೆ. ತಿದ್ದಿದ ಮಾದರಿ ಪಟ್ಟಿಯನ್ನು ನೈತಿಕ ಸಮಿತಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸು.

ನಿನ್ನ ದೊಡ್ಡಪ್ಪ